ಪೆನ್ಸಿಲ್ ಯಾರ ಕೈಯಲ್ಲಿತ್ತು? ಪೆರೆಸ್ತ್ರೋಯಿಕಾ ಕಾಲದ ಐದು ಬಗೆಯ ಪ್ರಜಾಪ್ರಭುತ್ವ, ಒಂದು ಹೋಲಿಕೆ

1989ರ ಮಾರ್ಚ್ 26. ಸೋವಿಯತ್ ಒಕ್ಕೂಟದ ಹೊಸ ಸಂಸತ್ತಿಗೆ ಚುನಾವಣೆ. ಲೆನಿನ್‌ಗ್ರಾಡ್‌ನ ಒಂದು ಕ್ಷೇತ್ರದಲ್ಲಿ ಯೂರಿ ಸೊಲೊವ್ಯೋವ್ ಒಬ್ಬರೇ ಕಣದಲ್ಲಿದ್ದರು. ಆ ಪ್ರಾಂತದ ಕಮ್ಯುನಿಸ್ಟ್ ಪಕ್ಷಕ್ಕೆ ಅವರೇ ಯಜಮಾನರು. ಪಕ್ಷದ ಅತಿ ಮೇಲಿನ ಸಮಿತಿ, ಮಾಸ್ಕೋದ ಪಾಲಿಟ್‌ಬ್ಯೂರೊದ ಬಾಗಿಲಲ್ಲೂ ಒಂದು ಕಾಲಿಟ್ಟಿದ್ದವರು. ಎದುರಾಳಿ ಅಂತ ಯಾರೂ ಇರಲಿಲ್ಲ. ಆದರೂ ಸೋತರು.

ನಮ್ಮ ಕಡೆ ಆಗಿದ್ದರೆ 'ಅವಿರೋಧ ಆಯ್ಕೆ' ಅಂತ ಮತದಾನಕ್ಕೂ ಮೊದಲೇ ಹಾರ, ಪಟಾಕಿ ಮುಗಿದುಹೋಗುತ್ತಿತ್ತು, ಅಲ್ವಾ? ಅಲ್ಲಿನ ಮತಪತ್ರದ ರೀತಿಯೇ ಬೇರೆ. ಬೇಕಾದವರ ಮುಂದೆ ಮುದ್ರೆ ಒತ್ತುವಂತಿಲ್ಲ. ಬೇಡವಾದವರ ಹೆಸರಿನ ಮೇಲೆ ಗೀಟು ಎಳೆಯಬೇಕು. ಗೆಲ್ಲಲು ಅರ್ಧಕ್ಕಿಂತ ಜಾಸ್ತಿ ಮತ ಬೇಕು. ಕಣದಲ್ಲಿ ಒಬ್ಬರೇ ಇದ್ದು, ಅರ್ಧಕ್ಕಿಂತ ಜಾಸ್ತಿ ಜನ ಆ ಹೆಸರಿಗೆ ಗೀಟು ಎಳೆದರೆ ಆಸಾಮಿ ಮನೆಗೆ ಹೋಗಬೇಕು, ಚುನಾವಣೆ ಮತ್ತೆ ನಡೆಯಬೇಕು. ನಮ್ಮ ನೋಟಾ ಗುಂಡಿಗೆ ಈ ಹಲ್ಲಿಲ್ಲ. ಅದನ್ನು ಎಷ್ಟು ಜನ ಒತ್ತಿದರೂ ಉಳಿದವರಲ್ಲಿ ಹೆಚ್ಚು ಮತ ಬಂದವರೇ ವಿಧಾನಸಭೆಗೆ ಹೋಗುತ್ತಾರೆ.

ತಮಾಷೆ ಏನೆಂದರೆ, ಗೀಟಿನ ಈ ನಿಯಮ ಹೊಸದಲ್ಲ. ಹತ್ತಾರು ವರ್ಷಗಳಿಂದ ಇತ್ತು. ಒಂದೇ ಹೆಸರಿನ ಚೀಟಿ ಕೊಡುತ್ತಿದ್ದರು. ಗೀಟು ಎಳೆಯದಿದ್ದರೆ ಅದು ಒಪ್ಪಿಗೆ. ಹಾಗಾಗಿ ಜನ ಚೀಟಿ ಮಡಚಿ ನೇರವಾಗಿ ಪೆಟ್ಟಿಗೆಗೆ ಹಾಕಿ ಹೋಗುತ್ತಿದ್ದರು. ಪರದೆಯ ಹಿಂದೆ ಮೇಜು, ಪೆನ್ಸಿಲ್ ಎಲ್ಲ ಇಟ್ಟಿರುತ್ತಿದ್ದರು. ಆದರೆ ಅಲ್ಲಿಗೆ ಹೋದವನ ಮೇಲೆ ಎಲ್ಲರ ಕಣ್ಣು. 'ಇವನು ಯಾಕೆ ಒಳಗೆ ಹೋದ?' ಅಂತ. 1989ರಲ್ಲಿ ಜನ ಧೈರ್ಯವಾಗಿ ಪರದೆಯ ಹಿಂದೆ ಹೋದರು.

ಈ ಬರಹ ಯಾರಿಗೆ? ರಾಜ್ಯಶಾಸ್ತ್ರದ ಸೆಮಿನಾರಿಗೆ ವಿಷಯ ಹುಡುಕುವವರಿಗೆ, ಓದುಗರ ಬಳಗದಲ್ಲಿ ಕೂತು ವಾದ ಮಾಡುವವರಿಗೆ, ಸೋವಿಯತ್ ಒಕ್ಕೂಟದ ಕೊನೆಯ ನಾಯಕ ಗೋರ್ಬಚೇವ್ ಅಂದ ಕೂಡಲೇ ಹಣೆಯ ಮೇಲಿನ ಮಚ್ಚೆ ಮಾತ್ರ ನೆನಪಾಗುವವರಿಗೆ. ಅವರು 'ಪೆರೆಸ್ತ್ರೋಯಿಕಾ', ಅಂದರೆ ಮರುನಿರ್ಮಾಣ, ಅನ್ನುವ ಹೆಸರಲ್ಲಿ ಸುಧಾರಣೆ ನಡೆಸಿದ ಆ ಕಾಲದ ಬಗ್ಗೆ ನಮ್ಮಲ್ಲಿ ಎರಡೇ ಕತೆ ಓಡಾಡುತ್ತವೆ. 'ಪಶ್ಚಿಮದ ಪ್ರಜಾಪ್ರಭುತ್ವ ಬಂತು, ಕತ್ತಲೆ ಹೋಯಿತು' ಅನ್ನುವುದು ಒಂದು. 'ಒಳ್ಳೆ ಸಮಾಜವಾದವನ್ನು ಹಾಳು ಮಾಡಿದರು' ಅನ್ನುವುದು ಇನ್ನೊಂದು. ನಾನು ಚಿಕ್ಕವನಿದ್ದಾಗ ಸೋವಿಯತ್ ದೇಶದ ಬಗ್ಗೆ ಕನ್ನಡದಲ್ಲೇ ಒಂದು ನುಣುಪು ಕಾಗದದ ಪತ್ರಿಕೆ ಬರುತ್ತಿತ್ತು. ಅದರ ಹಾಳೆ ಕಿತ್ತು ಶಾಲೆಯ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದೆವು. ಟ್ರ್ಯಾಕ್ಟರು, ಗೋಧಿ ಹೊಲ, ನಗುವ ಹುಡುಗಿಯರು. ಆ ಚಿತ್ರಗಳ ಹಿಂದಿನ ನಾಡಿನಲ್ಲಿ 'ಪ್ರಜಾಪ್ರಭುತ್ವ' ಅಂದರೆ ಏನು ಅಂತ ಇಷ್ಟು ಜಗಳ ಇದ್ದೀತು ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. 1987ರಿಂದ 1991ರವರೆಗೆ ಅಲ್ಲಿ ಕಮ್ಮಿ ಅಂದರೂ ಐದು ಬೇರೆ ಬೇರೆ ಕಲ್ಪನೆಗಳು ಪೈಪೋಟಿಗೆ ನಿಂತಿದ್ದವು.

ಅವುಗಳಲ್ಲಿ ಆರಿಸುವುದು ಹೇಗೆ? ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. 'ಜನ' ಅಂದರೆ ಯಾರು? ಅವರ ಕೈಗೆ ಬರುವುದು ಯಾವ ವಿಷಯ: ಸಂಬಳವೋ, ಕಾನೂನೋ, ದೇಶದ ಗಡಿಯೋ? ಕೊನೆಯದು, ಬೇಡವಾದವನನ್ನು ಇಳಿಸುವುದು ಹೇಗೆ? ಈ ಮೂರನೆಯದನ್ನು ನಾನು ಪೆನ್ಸಿಲ್ ಪ್ರಶ್ನೆ ಅಂತ ಕರೆಯುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ತಕ್ಕಡಿಯಲ್ಲಿ ಇದಕ್ಕೇ ಜಾಸ್ತಿ ತೂಕ.

ಸೋವಿಯತ್‌ಗಳಿಗೆ ಜೀವ ತುಂಬುವುದು

ಇದು ಗೋರ್ಬಚೇವ್ ಅವರ ದಾರಿ. 'ಸೋವಿಯತ್' ಅಂದರೆ ರಷ್ಯನ್‌ನಲ್ಲಿ ಸುಮ್ನೆ 'ಸಭೆ', 'ಮಂಡಳಿ' ಅಂತ ಅರ್ಥ. ಇಡೀ ದೇಶಕ್ಕೆ ಆ ಹೆಸರಿದ್ದರೂ ಸಭೆಗಳಲ್ಲಿ ಉಸಿರಿರಲಿಲ್ಲ. ಪಕ್ಷ ಹೇಳಿದ್ದಕ್ಕೆ ಕೈ ಎತ್ತುವುದಷ್ಟೇ ಕೆಲಸ. 1988ರ ಜೂನ್ ಕೊನೆಗೆ ನಡೆದ ಪಕ್ಷದ 19ನೇ ಸಮ್ಮೇಳನದಲ್ಲಿ 1917ರ ಹಳೆಯ ಘೋಷಣೆಗೆ ಮತ್ತೆ ಜೀವ ಬಂತು: 'ಎಲ್ಲ ಅಧಿಕಾರ ಸೋವಿಯತ್‌ಗಳಿಗೆ'. ಪಕ್ಷ ದಾರಿ ತೋರಿಸಲಿ, ಆಡಳಿತ ಸಭೆಗಳ ಕೈಗೆ ಹೋಗಲಿ ಅನ್ನುವ ಲೆಕ್ಕ. ಆ ವರ್ಷ ಡಿಸೆಂಬರ್‌ನಲ್ಲಿ ಸಂವಿಧಾನ ತಿದ್ದಿ, 2,250 ಜನರ 'ಜನಪ್ರತಿನಿಧಿಗಳ ಕಾಂಗ್ರೆಸ್' ಅನ್ನುವ ದೊಡ್ಡ ಸಭೆ ಕಟ್ಟಿದರು. ಅದು ತನ್ನೊಳಗಿಂದ 542 ಜನರ ಚಿಕ್ಕ ಸಭೆಯನ್ನು ಆರಿಸಬೇಕು. ವರ್ಷದ ಹೆಚ್ಚು ಕಾಲ ಕೂತು ಕಾನೂನು ಮಾಡುವುದು ಈ ಚಿಕ್ಕ ಸಭೆಯ ಕೆಲಸ.

ಒಳಗಿನ ಹೆಣಿಗೆ ಸ್ವಲ್ಪ ನೋಡಿ. 750 ಸ್ಥಾನ ಜನಸಂಖ್ಯೆಯ ಲೆಕ್ಕದಲ್ಲಿ. ಇನ್ನೂ 750 ಸ್ಥಾನ ಒಕ್ಕೂಟದ ಗಣರಾಜ್ಯ ಮತ್ತು ಸ್ವಾಯತ್ತ ಪ್ರದೇಶಗಳ ಲೆಕ್ಕದಲ್ಲಿ. ಉಳಿದ 750 ಸ್ಥಾನಗಳಿಗೆ ಸಂಘ ಸಂಸ್ಥೆಗಳೇ ಆರಿಸಿ ಕಳಿಸಬೇಕು: ಕಮ್ಯುನಿಸ್ಟ್ ಪಕ್ಷಕ್ಕೆ 100, ಕಾರ್ಮಿಕ ಸಂಘಗಳಿಗೆ 100, ಸಹಕಾರ ಸಂಘಗಳಿಗೆ 100, ಹೀಗೆ ಯುವಜನ, ಮಹಿಳೆಯರು, ನಿವೃತ್ತರು, ವಿಜ್ಞಾನಿಗಳು, ಕಲಾವಿದರು. ಅಂದರೆ ಒಬ್ಬನೇ ಮನುಷ್ಯ ಊರಿನ ಮತದಾರನಾಗಿ ಒಂದು ಸಲ, ಸಂಸ್ಥೆಯ ಸದಸ್ಯನಾಗಿ ಇನ್ನೊಂದು ಸಲ ಮತ ಹಾಕಬಹುದಿತ್ತು. ಪಕ್ಷವಂತೂ ತನ್ನ 100 ಸ್ಥಾನಕ್ಕೆ 100 ಹೆಸರನ್ನೇ ಕೊಟ್ಟಿತು. ಅಲ್ಲೂ ಗೀಟು ಬಿತ್ತು ಅನ್ನಿ. ಗೋರ್ಬಚೇವ್ ವಿರುದ್ಧ 12, ಅವರ ಸಂಪ್ರದಾಯವಾದಿ ಎದುರಾಳಿ ಲಿಗಚೋವ್ ವಿರುದ್ಧ 78. ಯಾರೂ ಸೋಲಲಿಲ್ಲ.

ಇದು ಮೋಸ ಅನ್ನುವುದು ಸುಲಭ. ಆದರೆ ವಿಜ್ಞಾನ ಅಕಾಡೆಮಿಯಲ್ಲಿ ಆಗಿದ್ದನ್ನು ಕೇಳಿ. ಅಣು ವಿಜ್ಞಾನಿ ಆಂದ್ರೇ ಸಖಾರೊವ್ ಅವರ ಹೆಸರನ್ನು ಅಕಾಡೆಮಿಯ ದೊಡ್ಡವರು ಪಟ್ಟಿಗೇ ಸೇರಿಸಲಿಲ್ಲ. ಫೆಬ್ರವರಿಯಲ್ಲಿ ಸಂಶೋಧನಾ ಸಂಸ್ಥೆಗಳ ನೌಕರರು ಫಲಕ ಹಿಡಿದು ಅಕಾಡೆಮಿಯ ಮುಂದೆ ನಿಂತರು. ಮತದಾನದ ದಿನ 20 ಸ್ಥಾನಕ್ಕೆ 23 ಹೆಸರಿದ್ದವು. ವಿಜ್ಞಾನಿಗಳು ಒಂದೊಂದೇ ಹೆಸರಿನ ಮೇಲೆ ಗೀಟು ಎಳೆದರು. ಗೆದ್ದವರು 8 ಜನ ಮಾತ್ರ. ಉಳಿದ ಸ್ಥಾನಗಳಿಗೆ ಏಪ್ರಿಲ್‌ನಲ್ಲಿ ಮತ್ತೆ ಚುನಾವಣೆ ಮಾಡಲೇಬೇಕಾಯಿತು. ಸಖಾರೊವ್ ಗೆದ್ದು ಬಂದರು. ಬೇಲಿ ಕಟ್ಟಿದವರೇ ಗೇಟನ್ನೂ ಬಿಟ್ಟಿದ್ದರು. ಜನ ಅದನ್ನು ಹುಡುಕಿಕೊಂಡರು.

ಮೇ 25ಕ್ಕೆ ಕಾಂಗ್ರೆಸ್ ಶುರುವಾಯಿತು. ಟೀವಿಯಲ್ಲಿ ನೇರ ಪ್ರಸಾರ. ಜನ ಆಫೀಸು, ಕಾರ್ಖಾನೆಗಳಲ್ಲಿ ಕೆಲಸ ಬಿಟ್ಟು ಕೂತರು, ಬೀದಿಯಲ್ಲಿ ಟ್ರಾನ್ಸಿಸ್ಟರ್ ಕಿವಿಗೆ ಹಿಡಿದು ನಡೆದರು. ಇತಿಹಾಸಕಾರ ಯೂರಿ ಅಫನಾಸ್ಯೆವ್ ಎದ್ದು ನಿಂತು, ಈ ಸಭೆಯಲ್ಲಿ 'ಮೈಮೇಲೆ ಬೀಳುವ ವಿಧೇಯ ಬಹುಮತ' ಇದೆ ಅಂತ ಮುಖಕ್ಕೇ ಹೇಳಿದರು. ಮಾಸ್ಕೋದಲ್ಲಿ ಸುಮಾರು 89 ಶೇಕಡಾ ಮತ ಪಡೆದು ಬಂದಿದ್ದ, ಮುಂದೆ ರಷ್ಯಾದ ಅಧ್ಯಕ್ಷರಾಗುವ ಬೋರಿಸ್ ಯೆಲ್ತ್ಸಿನ್ ಅವರನ್ನು ಆ ಬಹುಮತ ಚಿಕ್ಕ ಸಭೆಗೆ ಆರಿಸಲಿಲ್ಲ. ಓಮ್ಸ್ಕ್‌ನಿಂದ ಬಂದಿದ್ದ ಕಾನೂನು ಅಧ್ಯಾಪಕ ಅಲೆಕ್ಸೇ ಕಜಾನ್ನಿಕ್ ತಮ್ಮ ಜಾಗ ಬಿಟ್ಟುಕೊಟ್ಟರು, ಅದು ಯೆಲ್ತ್ಸಿನ್‌ಗೇ ಹೋಗಬೇಕು ಅನ್ನುವ ಷರತ್ತಿನ ಮೇಲೆ. ಜೂನ್ 9ರಂದು, ಕೊನೆಯ ದಿನ, ಸಖಾರೊವ್ ವೇದಿಕೆ ಏರಿದರು. ಗೋರ್ಬಚೇವ್ ಸಮಯ ಮುಗಿಯಿತು, ಮುಗಿಸಿ ಅಂತ ಮತ್ತೆ ಮತ್ತೆ ಹೇಳಿದರು. ಅವರು ಮುಗಿಸಲಿಲ್ಲ. ಮೈಕ್ ಬಂದ್ ಆಯಿತು. ಸ್ವಲ್ಪ ಬಾಗಿದ ಬೆನ್ನಿನ ಆ ಮುದುಕ ಸದ್ದಿಲ್ಲದ ಮೈಕಿನ ಮುಂದೆ ಓದುತ್ತಲೇ ನಿಂತಿದ್ದರು.

ಈ ದಾರಿಯ ತೊಡಕು ಆಮೇಲೆ ಗೊತ್ತಾಯಿತು. ಸೋವಿಯತ್ ಅನ್ನುವುದರ ಮೂಲ ಕಲ್ಪನೆಯಲ್ಲಿ ಕಾನೂನು ಮಾಡುವವರು, ಜಾರಿ ಮಾಡುವವರು ಅಂತ ಬೇರೆ ಇಲ್ಲ. ಸಭೆಯೇ ಎಲ್ಲ. 1990ರಲ್ಲಿ ಮಾಸ್ಕೋ ನಗರದ ಸೋವಿಯತ್ತನ್ನು ಸುಧಾರಣಾವಾದಿಗಳೇ ಗೆದ್ದರು. ಸುಮಾರು 500 ಸದಸ್ಯರು! ನಮ್ಮ ವಿಧಾನಸಭೆಯ ಎರಡು ಪಟ್ಟಿಗಿಂತ ದೊಡ್ಡದು, ಒಂದು ನಗರಕ್ಕೆ. ಅಂಗಡಿಯಲ್ಲಿ ಸಿಗರೇಟಿಲ್ಲ, ಸಕ್ಕರೆಯಿಲ್ಲ. ಸಭೆಯಲ್ಲಿ ಮಾತೋ ಮಾತು. ಇಂಥ ಸಭೆಯ ಅಧ್ಯಕ್ಷರಾಗಿದ್ದ ಅರ್ಥಶಾಸ್ತ್ರಜ್ಞ ಗವ್ರೀಲ್ ಪೊಪೋವ್ ಕೊನೆಗೆ ಸಭೆ ಬಿಟ್ಟು ಮೇಯರ್ ಹುದ್ದೆ ಹಿಡಿದರು. ಲೆನಿನ್‌ಗ್ರಾಡ್‌ನಲ್ಲಿ ಅಲ್ಲಿನ ಸಭೆಯ ಅಧ್ಯಕ್ಷ ಸೊಬ್ಚಾಕ್ ಮಾಡಿದ್ದೂ ಅದನ್ನೇ.

ಕಾರ್ಖಾನೆಯಿಂದ ಶುರು ಮಾಡುವುದು

ನನಗೆ ಮನಸ್ಸಿಗೆ ಹತ್ತಿರವಾದದ್ದು ಇದು. ಅದಕ್ಕೇ ಇದರ ಮೇಲೆ ಜಾಸ್ತಿ ಸಿಟ್ಟೂ ಇದೆ.

ವಾದ ಸರಳ. ಮನುಷ್ಯ ಎಚ್ಚರವಾಗಿರುವ ಹೊತ್ತಿನಲ್ಲಿ ಹೆಚ್ಚು ಭಾಗ ಕಳೆಯುವುದು ಕೆಲಸದ ಜಾಗದಲ್ಲಿ. ಅಲ್ಲಿ ಬಾಯಿ ಮುಚ್ಚಿಕೊಂಡಿದ್ದು, ನಾಲ್ಕೈದು ವರ್ಷಕ್ಕೊಮ್ಮೆ ಚೀಟಿ ಹಾಕಿದರೆ ಅದು ಎಂಥ ಪ್ರಜಾಪ್ರಭುತ್ವ? 1987ರ ಜೂನ್‌ನಲ್ಲಿ ಆದ ಸರ್ಕಾರಿ ಉದ್ಯಮಗಳ ಕಾನೂನು, 1988ರ ಜನವರಿ 1ರಿಂದ ಜಾರಿಗೆ ಬಂತು. ಪ್ರತಿ ಕಾರ್ಖಾನೆಗೂ ಕಾರ್ಮಿಕರ ಮಂಡಳಿ, ಡೈರೆಕ್ಟರಿಗೂ ಚುನಾವಣೆ. ಕಾನೂನು ಬರುವ ಮೊದಲೇ ಲಾಟ್ವಿಯಾದ ಯೆಲ್ಗವಾ ಊರಿನ ರಾಫ್ ಕಾರ್ಖಾನೆಯಲ್ಲಿ ಇದರ ಪ್ರಯೋಗ ನಡೆದಿತ್ತು. ದೇಶದ ಆಂಬುಲೆನ್ಸು, ಬಾಡಿಗೆ ಮಿನಿಬಸ್ಸುಗಳು ತಯಾರಾಗುತ್ತಿದ್ದ ಜಾಗ ಅದು. ಗುಣಮಟ್ಟ ಹದಗೆಟ್ಟು ಹೆಸರು ಕೆಟ್ಟಿತ್ತು. ಡೈರೆಕ್ಟರ್ ಹುದ್ದೆಗೆ ದೇಶದ ಮೂಲೆ ಮೂಲೆಯಿಂದ ಅರ್ಜಿ ಕರೆದರು, ಕಾರ್ಮಿಕರು ಮತ ಹಾಕಿದರು, ವಿಕ್ಟರ್ ಬೊಸ್ಸೆರ್ಟ್ ಅನ್ನುವವರು ಗೆದ್ದರು. ಪತ್ರಿಕೆಗಳು ಕುಣಿದಾಡಿದವು.

ಈಗ ಪೆನ್ಸಿಲ್ ಪ್ರಶ್ನೆ ಕೇಳಿ. ಕಾರ್ಮಿಕರು ಆರಿಸಿದ ಡೈರೆಕ್ಟರಿಗೆ ಮೇಲಿನ ಇಲಾಖೆ ಒಪ್ಪಿಗೆ ಕೊಡಬೇಕು ಅಂತ ಅದೇ ಕಾನೂನಿನಲ್ಲಿತ್ತು. ಏನು ತಯಾರಿಸಬೇಕು ಅನ್ನುವುದರಲ್ಲಿ ದೊಡ್ಡ ಪಾಲು 'ಸರ್ಕಾರಿ ಆರ್ಡರ್' ಹೆಸರಲ್ಲಿ ಮಾಸ್ಕೋದಿಂದಲೇ ಬರುತ್ತಿತ್ತು. ಬೆಲೆ ಕೂಡ ಅಲ್ಲಿಂದಲೇ. ಕಾರ್ಮಿಕರ ಕೈಗೆ ನಿಜವಾಗಿ ಬಂದದ್ದು ಒಂದೇ, ಸಂಬಳ. ಡೈರೆಕ್ಟರಿಗೆ ಮತ ಬೇಕು, ಮತದಾರನಿಗೆ ಸಂಬಳ ಬೇಕು. ಸಂಬಳ ಏರಿತು, ಸರಕು ಏರಲಿಲ್ಲ. ಅಂಗಡಿ ಇನ್ನಷ್ಟು ಖಾಲಿ. ಇನ್ನೊಂದು ತೊಡಕೂ ಇದೆ. ರಾಫ್ ಮಿನಿಬಸ್ಸಿನಲ್ಲಿ ದಿನಾ ಓಡಾಡುವ ಬೇರೆ ಊರಿನ ಅಜ್ಜಿಗೆ ಈ ಚುನಾವಣೆಯಲ್ಲಿ ಮತವೇ ಇಲ್ಲ. 'ಜನ' ಅಂದರೆ ಇಲ್ಲಿ ಗೇಟಿನೊಳಗಿನವರು ಮಾತ್ರ. 1990ರ ಜೂನ್‌ನಲ್ಲಿ ಬಂದ ಹೊಸ ಕಾನೂನು ಡೈರೆಕ್ಟರ್ ಚುನಾವಣೆಯ ಪದ್ಧತಿಯನ್ನೇ ಪಕ್ಕಕ್ಕೆ ಸರಿಸಿತು. ಹೆಚ್ಚು ಕಾಲ ಬಾಳಲಿಲ್ಲ.

ಆದರೆ ಈ ಕಲ್ಪನೆ ಕಾನೂನಿನಾಚೆ ಒಂದು ಕಡೆ ತಾನಾಗಿ ಹುಟ್ಟಿತು. 1989ರ ಜುಲೈ 10. ಸೈಬೀರಿಯಾದ ಕುಜ್‌ಬಾಸ್ ಕಲ್ಲಿದ್ದಲು ಸೀಮೆಯ ಮೆಝ್ದುರೆಚೆನ್ಸ್ಕ್ ಊರು, ಶೆವ್ಯಾಕೋವ್ ಗಣಿ. ರಾತ್ರಿ ಪಾಳಿ ಮುಗಿಸಿ ಮೇಲೆ ಬಂದವರು ದೀಪ ಒಪ್ಪಿಸಲಿಲ್ಲ, ಬೆಳಗಿನ ಪಾಳಿಯವರು ಕೆಳಗೆ ಇಳಿಯಲಿಲ್ಲ. ಅವರ ಬೇಡಿಕೆ ಪಟ್ಟಿಯಲ್ಲಿ ಸೋಪೂ ಇತ್ತು. ಮೈಯೆಲ್ಲ ಕಲ್ಲಿದ್ದಲು ಮೆತ್ತಿಕೊಂಡು ಬರುವವರಿಗೆ ಸೋಪಿಲ್ಲ, ಟವೆಲ್ಲಿಲ್ಲ. ಸಮಾಜವಾದ ಬೇಕೋ ಬಂಡವಾಳವಾದ ಬೇಕೋ ಅನ್ನುವ ಚರ್ಚೆ ಆಮೇಲೆ, ಮೊದಲು ಮೈ ತೊಳೆಯಬೇಕು. ಮರುದಿನದ ಹೊತ್ತಿಗೆ ಊರಿನ ಚೌಕದಲ್ಲಿ ಸಾವಿರಾರು ಜನ ಹೆಲ್ಮೆಟ್ ಹಾಕಿಕೊಂಡೇ ಕೂತಿದ್ದರು. ಮುಷ್ಕರ ಸಮಿತಿ ಊರಿನಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿತು, ರಾತ್ರಿ ಗಸ್ತಿಗೆ ಗಣಿಯವರನ್ನೇ ಹಾಕಿತು. ಕಲ್ಲಿದ್ದಲು ಮಂತ್ರಿ ಮಿಖಾಯಿಲ್ ಶ್ಚಾದೋವ್ ಮಾಸ್ಕೋದಿಂದ ಬಂದು ಆ ಚೌಕದಲ್ಲಿ ನಿಂತು ಉತ್ತರ ಹೇಳಬೇಕಾಯಿತು. ಮುಷ್ಕರ ಡಾನ್‌ಬಾಸ್, ವೊರ್ಕುತಾ, ಕರಗಂಡಾಕ್ಕೆ ಹಬ್ಬಿತು.

ಅಲ್ಲಿ ಆರಿಸಿದ್ದು ಚೌಕದಲ್ಲಿ, ಎಲ್ಲರ ಎದುರಿಗೆ. ಸಮಿತಿಯಲ್ಲಿದ್ದವನು ತಪ್ಪಿದರೆ ಇಳಿಸುವುದೂ ಅಲ್ಲೇ. ಇಡೀ ಪೆರೆಸ್ತ್ರೋಯಿಕಾದಲ್ಲಿ 'ಎಲ್ಲ ಅಧಿಕಾರ ಸೋವಿಯತ್‌ಗಳಿಗೆ' ಅನ್ನುವ ಮಾತಿಗೆ ನಿಜವಾಗಿ ಹತ್ತಿರ ಬಂದಿದ್ದು ಈ ಗಣಿಯವರೇ ಅಂತ ನನ್ನ ಅಭಿಪ್ರಾಯ. ಆದರೆ 1991ರ ವಸಂತದಲ್ಲಿ ಅದೇ ಗಣಿಯವರು ಗೋರ್ಬಚೇವ್ ಇಳಿಯಲಿ ಅಂತ ಮುಷ್ಕರ ಹೂಡಿ, ಯೆಲ್ತ್ಸಿನ್ ಬೆನ್ನಿಗೆ ನಿಂತರು. ಇಲಾಖೆಯ ಹಂಗಿಲ್ಲದೆ ಕಲ್ಲಿದ್ದಲನ್ನು ತಾವೇ ಮಾರಬಹುದು ಅನ್ನುವ ಆಸೆಯೂ ಅದರಲ್ಲಿತ್ತು. ಆಮೇಲೆ ಮಾರುಕಟ್ಟೆ ಬಂದಾಗ ಮೊದಲು ಏಟು ತಿಂದವರಲ್ಲಿ ಅವರೂ ಇದ್ದರು.

ಯುಗೊಸ್ಲಾವಿಯಾ 1950ರಿಂದಲೇ ಕಾರ್ಮಿಕರ ಸ್ವಯಂ ಆಡಳಿತ ನಡೆಸಿತ್ತು. ಪೋಲೆಂಡಿನ ಸಾಲಿಡಾರಿಟಿ ಸಂಘ 1981ರಲ್ಲಿ ಗ್ದಾನ್ಸ್ಕ್ ಸಮಾವೇಶದಲ್ಲಿ 'ಸ್ವಯಂ ಆಡಳಿತದ ಗಣರಾಜ್ಯ' ಬೇಕು ಅಂತ ಬರೆದುಕೊಂಡಿತ್ತು. ಸೆಮಿನಾರಿಗೆ ಈ ದಾರಿ ಆರಿಸುವವರು ಅವೆರಡನ್ನೂ ಜೊತೆಗಿಟ್ಟು ನೋಡಲೇಬೇಕು.

ಪಕ್ಷಗಳು, ಸಂಸತ್ತು, ಕೋರ್ಟು

ನಮಗೆ ಪರಿಚಯವಿರುವ ಮಾದರಿ ಇದು. ಅದಕ್ಕೇ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಇದರ ಮುಖ ಸಖಾರೊವ್. ಹೈಡ್ರೋಜನ್ ಬಾಂಬಿನ ಕೆಲಸ ಮಾಡಿದವರು, ಆಮೇಲೆ ಸರ್ಕಾರಕ್ಕೆ ಎದುರು ನಿಂತವರು. 1980ರ ಜನವರಿಯಿಂದ ಗೋರ್ಕಿ ನಗರದಲ್ಲಿ ಗಡೀಪಾರು. 1986ರ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಇದ್ದಕ್ಕಿದ್ದಂತೆ ಮನೆಗೆ ಫೋನು ಹಾಕಲು ಜನ ಬಂದರು. ಮರುದಿನ ಅದು ಗಂಟೆ ಬಾರಿಸಿತು. ಆ ಕಡೆ ಗೋರ್ಬಚೇವ್: ಮಾಸ್ಕೋಗೆ ವಾಪಸ್ ಬನ್ನಿ.

1989ರ ಜುಲೈನಲ್ಲಿ ಕಾಂಗ್ರೆಸ್ಸಿನೊಳಗೆ ಅಂತರ ಪ್ರಾದೇಶಿಕ ಪ್ರತಿನಿಧಿಗಳ ಗುಂಪು ಹುಟ್ಟಿತು. ಸಖಾರೊವ್, ಯೆಲ್ತ್ಸಿನ್, ಅಫನಾಸ್ಯೆವ್, ಪೊಪೋವ್, ಎಸ್ಟೋನಿಯಾದ ಪಾಲ್ಮ್, ಹೀಗೆ ಐದು ಜನ ಸಹಾಧ್ಯಕ್ಷರು. ಸಂವಿಧಾನದ 6ನೇ ವಿಧಿ ಹೋಗಬೇಕು ಅನ್ನುವುದು ಇವರ ದೊಡ್ಡ ಬೇಡಿಕೆ. ಕಮ್ಯುನಿಸ್ಟ್ ಪಕ್ಷವೇ ದೇಶವನ್ನು ಮುನ್ನಡೆಸುವ ಶಕ್ತಿ ಅಂತ ಬರೆದಿದ್ದ ವಿಧಿ ಅದು. ಇದರಲ್ಲಿ ತರ್ಕ ಗಟ್ಟಿ. ಚೀಟಿಯಲ್ಲಿ ಎಷ್ಟು ಹೆಸರಿಗೆ ಗೀಟು ಎಳೆದರೂ, ಗೆದ್ದವನ ಮೇಲೆ ಚುನಾವಣೆಗೇ ನಿಲ್ಲದ ಪಕ್ಷ ಕೂತಿದ್ದರೆ ಏನು ಬಂತು? ಡಿಸೆಂಬರ್‌ನಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಲು ಕಾಂಗ್ರೆಸ್ ಒಪ್ಪಲಿಲ್ಲ. ಡಿಸೆಂಬರ್ 14ರ ರಾತ್ರಿ ಸಖಾರೊವ್ ತೀರಿಕೊಂಡರು. ಮೂರು ತಿಂಗಳಾದ ಮೇಲೆ ಅದೇ ಕಾಂಗ್ರೆಸ್ ಆ ವಿಧಿಯನ್ನು ಬದಲಿಸಿತು.

ಪೆನ್ಸಿಲ್ ಪ್ರಶ್ನೆಗೆ ಇಲ್ಲಿ ಒಳ್ಳೆ ಉತ್ತರವಿದೆ. ಕೊರತೆ ಬೇರೆ ಕಡೆ. ಈ ಗುಂಪಿಗೆ ಬೇರು ಮಾಸ್ಕೋ, ಲೆನಿನ್‌ಗ್ರಾಡ್‌ನಂಥ ದೊಡ್ಡ ಊರುಗಳಲ್ಲಿ. ಸಂಘಟನೆ ತೆಳು. ಸೋಪು ಕೇಳುವ ಗಣಿಯವನಿಗೂ ಸಂವಿಧಾನದ ವಿಧಿಗಳನ್ನು ಓದುವ ಪ್ರೊಫೆಸರಿಗೂ ನಡುವೆ ಸೇತುವೆ ಬೇಕಿತ್ತು. ಆ ಸೇತುವೆ ಆಗಿದ್ದು ಒಂದು ಪಕ್ಷವಲ್ಲ, ಯೆಲ್ತ್ಸಿನ್ ಅನ್ನುವ ಒಬ್ಬ ವ್ಯಕ್ತಿ.

ಮೊದಲು ಗಟ್ಟಿ ಕೈ, ಆಮೇಲೆ ಮತ

ಇದನ್ನು ಪ್ರಜಾಪ್ರಭುತ್ವದ ಪಟ್ಟಿಯಲ್ಲಿ ಯಾಕೆ ಇಟ್ಟೆ ಅಂತ ಕೇಳಬಹುದು. ಹೇಳಿದವರು ತಮ್ಮನ್ನು ಪ್ರಜಾಪ್ರಭುತ್ವವಾದಿಗಳು ಅಂತಲೇ ಕರೆದುಕೊಂಡಿದ್ದರಿಂದ. 1989ರ ಆಗಸ್ಟ್‌ನಲ್ಲಿ ರಾಜಕೀಯ ಚಿಂತಕರಾದ ಆಂದ್ರಾನಿಕ್ ಮಿಗ್ರಾನ್ಯಾನ್ ಮತ್ತು ಇಗೊರ್ ಕ್ಲ್ಯಾಮ್ಕಿನ್ ಒಂದು ಸಾಹಿತ್ಯ ವಾರಪತ್ರಿಕೆಯಲ್ಲಿ ಮಾತುಕತೆ ನಡೆಸಿ ಗಲಾಟೆ ಎಬ್ಬಿಸಿದರು. ಮಾರುಕಟ್ಟೆಗೆ ಹೋಗುವಾಗ ಬೆಲೆ ಏರುತ್ತದೆ, ಕೆಲಸ ಹೋಗುತ್ತದೆ. ಮತ ಹಾಕುವ ಜನ ಅದನ್ನು ಒಪ್ಪುವುದಿಲ್ಲ. ಹಾಗಾಗಿ ನಡುವೆ ಒಬ್ಬ ಬಲವಾದ ಸುಧಾರಕ ಬೇಕು, ಪ್ರಜಾಪ್ರಭುತ್ವ ಆಮೇಲೆ ಬರಲಿ ಅನ್ನುವುದು ಅವರ ವಾದದ ತಿರುಳು. ಚೀನಾದಲ್ಲೂ ಸರಿಸುಮಾರು ಅದೇ ಸಮಯಕ್ಕೆ 'ನವ ಸರ್ವಾಧಿಕಾರ' ಅನ್ನುವ ಹೆಸರಿನಲ್ಲಿ ಇದೇ ಚರ್ಚೆ ನಡೆದಿತ್ತು.

ಈ ವಾದವನ್ನು ಪೂರ್ತಿ ತಳ್ಳಿಹಾಕಲಾರೆ. 1992ರಲ್ಲಿ ಬೆಲೆಗಳ ಕಟ್ಟು ಬಿಚ್ಚಿದಾಗ ರಷ್ಯನ್ನರ ಉಳಿತಾಯವೆಲ್ಲ ಕರಗಿಹೋಯಿತು. ಅಂಥದ್ದನ್ನು ಯಾವ ಮತದಾರನೂ ಖುಷಿಯಿಂದ ಒಪ್ಪುವುದಿಲ್ಲ ಅನ್ನುವ ಅವರ ಲೆಕ್ಕ ಸರಿಯೇ. ಆದರೆ ಆ ಗಟ್ಟಿ ಕೈ ಯಾವತ್ತು ಸಡಿಲವಾಗಬೇಕು, ಸಡಿಲ ಮಾಡುವವರು ಯಾರು? ಪೆನ್ಸಿಲ್ಲನ್ನು 'ಆಮೇಲೆ ಕೊಡುತ್ತೇನೆ' ಅಂತ ಜೇಬಿಗೆ ಹಾಕಿಕೊಂಡವನ ಹತ್ತಿರ ಅದನ್ನು ವಾಪಸ್ ಕೇಳುವುದು ಹೇಗೆ? 1989ರ ಮೇ ತಿಂಗಳಲ್ಲಿ ಗೋರ್ಬಚೇವ್ ಬೀಜಿಂಗ್‌ಗೆ ಹೋದಾಗ ತಿಯಾನನ್‌ಮೆನ್ ಚೌಕದ ತುಂಬ ವಿದ್ಯಾರ್ಥಿಗಳಿದ್ದರು. ಜೂನ್ 4ರಂದು ಅಲ್ಲಿ ಸೈನ್ಯ ಗುಂಡು ಹಾರಿಸಿತು. ಅದೇ ಜೂನ್ 4ರಂದು ಪೋಲೆಂಡಿನಲ್ಲಿ ಜನ ಮತಗಟ್ಟೆಗೆ ಹೋಗುತ್ತಿದ್ದರು. ಸೆನೆಟ್ಟಿನ 100 ಸ್ಥಾನಗಳಲ್ಲಿ 99 ಸಾಲಿಡಾರಿಟಿಗೆ ಬಂದವು.

ನಮ್ಮ ನಾಡು, ನಮ್ಮ ಮತ

ಮೊದಲ ಪ್ರಶ್ನೆ, 'ಜನ ಅಂದರೆ ಯಾರು', ಅತಿ ಚೂಪಾಗಿ ಎದ್ದದ್ದು ಬಾಲ್ಟಿಕ್ ಸೀಮೆಯಲ್ಲಿ, ಅಂದರೆ 1940ರಲ್ಲಿ ಸೋವಿಯತ್ ಒಕ್ಕೂಟ ನುಂಗಿಕೊಂಡ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾದಲ್ಲಿ. 1988ರಲ್ಲಿ ಎಸ್ಟೋನಿಯಾದಲ್ಲಿ ಜನತಾ ರಂಗ ಶುರುವಾದಾಗ ಅದರ ಹೆಸರಿನಲ್ಲೇ ಪೆರೆಸ್ತ್ರೋಯಿಕಾಕ್ಕೆ ಬೆಂಬಲ ಅಂತ ಇತ್ತು. ನವೆಂಬರ್ ಹೊತ್ತಿಗೆ ಗಣರಾಜ್ಯದ ಕಾನೂನೇ ಮೇಲು ಅನ್ನುವ ಘೋಷಣೆ ಆಯಿತು. 1989ರ ಆಗಸ್ಟ್ 23ಕ್ಕೆ, ಹಿಟ್ಲರ್ ಮತ್ತು ಸ್ಟಾಲಿನ್ ಒಪ್ಪಂದಕ್ಕೆ 50 ವರ್ಷ ತುಂಬಿದ ದಿನ, ಟಾಲಿನ್‌ನಿಂದ ರೀಗಾ ಮೂಲಕ ವಿಲ್ನಿಯಸ್‌ವರೆಗೆ ಜನ ಕೈ ಕೈ ಹಿಡಿದು ನಿಂತರು. 600 ಕಿಲೋಮೀಟರಿಗೂ ಉದ್ದದ ಸಾಲು.

1990ರ ಆರಂಭದಲ್ಲಿ ಎಸ್ಟೋನಿಯಾದಲ್ಲಿ ತಿಂಗಳೊಪ್ಪತ್ತಿನಲ್ಲಿ ಎರಡು ಚುನಾವಣೆ ನಡೆದವು, ಎರಡು ಬೇರೆ ಬೇರೆ 'ಜನ'ರಿಂದ. ಫೆಬ್ರವರಿಯಲ್ಲಿ ಎಸ್ಟೋನಿಯಾ ಕಾಂಗ್ರೆಸ್ ಅನ್ನುವ ಸಭೆಗೆ. 1940ಕ್ಕೆ ಮೊದಲು ಆ ಗಣರಾಜ್ಯದ ಪ್ರಜೆಗಳಾಗಿದ್ದವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಅಂತ ಹೆಸರು ಬರೆಸಿದವರ ಸಭೆ ಅದು. ಮಾರ್ಚ್‌ನಲ್ಲಿ ಗಣರಾಜ್ಯದ ಶಾಸನಸಭೆಯಾದ ಸುಪ್ರೀಂ ಸೋವಿಯತ್ತಿಗೆ. ಅಲ್ಲಿ ವಾಸವಿದ್ದವರೆಲ್ಲರಿಗೂ ಮತವಿತ್ತು. ಯುದ್ಧದ ನಂತರ ಕೆಲಸಕ್ಕೆ ಬಂದು ನೆಲೆಸಿದ ರಷ್ಯನ್ ಕುಟುಂಬಗಳು ಎರಡನೆಯದರಲ್ಲಿ ಮತದಾರರು, ಮೊದಲನೆಯದರಲ್ಲಿ ಹೊರಗಿನವರು. ಅಲ್ಲೇ ಹುಟ್ಟಿ ಬೆಳೆದ ಮಗುವಿನ ಗತಿಯೂ ಅದೇ. ಸ್ವಾತಂತ್ರ್ಯ ಬಂದ ಮೇಲೆ ಮೊದಲನೆಯ ಲೆಕ್ಕವೇ ನಿಂತಿತು. 1992ರಲ್ಲಿ ನಾಡಿನ ಸುಮಾರು ಮೂರನೇ ಒಂದು ಪಾಲು ಜನರಿಗೆ ಪೌರತ್ವವೇ ಇರಲಿಲ್ಲ. ಪಕ್ಕದ ಲಿಥುವೇನಿಯಾ ತನ್ನಲ್ಲಿ ನೆಲೆಸಿದ್ದವರಿಗೆಲ್ಲ ಬಾಗಿಲು ತೆಗೆದಿಟ್ಟಿತು. ಅಲ್ಲಿ ಬೇರೆ ನುಡಿಯವರ ಪಾಲು ಕಡಿಮೆ ಇತ್ತು. ಹಾಗಾಗಿ ಔದಾರ್ಯ ಸುಲಭವಾಯಿತು ಅನ್ನುವವರೂ ಇದ್ದಾರೆ.

ಭಾಷೆ, ನೆಲ, ವಲಸೆ ಅಂದ ಕೂಡಲೇ ನಮಗೂ ಎದೆ ಸ್ವಲ್ಪ ಜೋರಾಗಿ ಬಡಿಯುತ್ತೆ, ಅಲ್ವಾ? ಅದಕ್ಕೇ ಈ ದಾರಿಯನ್ನು ಓದುವಾಗ ಎಸ್ಟೋನಿಯನ್ ಅಜ್ಜನ ಕಡೆಯಿಂದ ಒಂದು ಸಲ, ಅವನ ಪಕ್ಕದ ಮನೆಯ ರಷ್ಯನ್ ನರ್ಸ್ ಕಡೆಯಿಂದ ಒಂದು ಸಲ ಓದಿ. 1940ರಲ್ಲಿ ಅಜ್ಜನ ದೇಶವನ್ನೇ ಕಸಿದಿದ್ದರು. ಆದರೆ ಕಸಿದವಳು ಆ ನರ್ಸ್ ಅಲ್ಲ.

ಹಾಗಾದರೆ ಯಾವುದನ್ನು ಆರಿಸುವುದು?

ಸೆಮಿನಾರಿಗೆ ಆದರೆ, ಕಾರ್ಖಾನೆಯ ದಾರಿ. ಬರೆದವರು ಕಮ್ಮಿ, ಮತ್ತು ಕಾನೂನು ಒಂದು ಹೇಳಿ ಗೇಟಿನೊಳಗೆ ಇನ್ನೊಂದು ಆಗುವುದನ್ನು ಹಂತ ಹಂತವಾಗಿ ತೋರಿಸಬಹುದು. ಬಳಗದಲ್ಲಿ ಬಿಸಿಬಿಸಿ ಚರ್ಚೆ ಬೇಕಿದ್ದರೆ ಎಸ್ಟೋನಿಯಾದ ಎರಡು ಚುನಾವಣೆ ಸಾಕು, ಚಹಾ ಆರುವವರೆಗೂ ಯಾರೂ ಏಳುವುದಿಲ್ಲ. ಗಟ್ಟಿ ಕೈ ವಾದವನ್ನು ಯಾರಾದರೂ ಹೊಸ ಮಾತಿನಂತೆ ಹೇಳಿದರೆ 1989ರ ಆ ಮಾತುಕತೆ ನೆನಪಿಸಿ.

'ನೀನು ಆ ದಿನ ಅಲ್ಲಿದ್ದಿದ್ದರೆ?' ಅಂತ ಕೇಳಿದರೆ, ನಾನು ಸಖಾರೊವ್ ಗುಂಪಿನ ಸಂಸತ್ತಿಗೆ ಮತ ಹಾಕಿ, ಗಣಿಯವರ ಚೌಕದಲ್ಲಿ ಹೋಗಿ ಕೂರುತ್ತಿದ್ದೆ. ಎರಡೂ ಬೇಕಿತ್ತು. ಒಂದು ಇಲ್ಲದೆ ಇನ್ನೊಂದು ಕುಂಟಿತು. ಗೋರ್ಬಚೇವ್ ಅವರ ಸಭೆಯನ್ನು ಸುಮ್ನೆ ನಗೆಪಾಟಲು ಮಾಡಲು ನಾನು ತಯಾರಿಲ್ಲ. ಸೊಲೊವ್ಯೋವ್ ಸೋತದ್ದು ಅದರ ಚುನಾವಣೆಯಲ್ಲೇ.

ಕೊನೆಗೆ ಗೆದ್ದದ್ದು ಈ ಐದರಲ್ಲಿ ಯಾವುದೂ ಅಲ್ಲ, ಬಲಿಷ್ಠ ಅಧ್ಯಕ್ಷರ ಕುರ್ಚಿ. 1990ರ ಮಾರ್ಚ್‌ನಲ್ಲಿ ಗೋರ್ಬಚೇವ್ ಅಧ್ಯಕ್ಷರಾದರು. ಆರಿಸಿದ್ದು ಕಾಂಗ್ರೆಸ್, ಜನರಲ್ಲ. ಅಧಿಕಾರದಲ್ಲಿದ್ದಷ್ಟು ದಿನ ಆ ಹುದ್ದೆಗೆ ನೇರ ಚುನಾವಣೆಗೆ ಅವರು ನಿಲ್ಲಲಿಲ್ಲ. ನನ್ನ ಪ್ರಕಾರ ಅವರ ಅತಿ ದೊಡ್ಡ ತಪ್ಪು ಅದೇ. 1991ರ ಮಾರ್ಚ್ 17ಕ್ಕೆ ಒಕ್ಕೂಟ ಉಳಿಯಬೇಕೇ ಅಂತ ಜನಮತಗಣನೆ ನಡೆಸಿದರು. ಆರು ಗಣರಾಜ್ಯಗಳು ದೂರ ನಿಂತವು. ಉಳಿದೆಡೆ ಮತ ಹಾಕಿದವರಲ್ಲಿ ಸುಮಾರು 76 ಶೇಕಡಾ ಹೌದು ಅಂದರು. ಅದೇ ದಿನ ರಷ್ಯಾದಲ್ಲಿ ಇನ್ನೊಂದು ಚೀಟಿಯೂ ಇತ್ತು: ರಷ್ಯಾಕ್ಕೆ ಜನರೇ ಆರಿಸಿದ ಅಧ್ಯಕ್ಷ ಬೇಕೇ? ಸುಮಾರು 70 ಶೇಕಡಾ ಅದಕ್ಕೂ ಹೌದು ಅಂದರು. ಜೂನ್ 12ಕ್ಕೆ ಯೆಲ್ತ್ಸಿನ್ 57 ಶೇಕಡಾ ಮತದಿಂದ ಗೆದ್ದರು. ಡಿಸೆಂಬರ್ ಹೊತ್ತಿಗೆ ಒಕ್ಕೂಟವೇ ಇರಲಿಲ್ಲ.

1993ರ ಅಕ್ಟೋಬರ್ 4ರಂದು ಅದೇ ಯೆಲ್ತ್ಸಿನ್, 1990ರಲ್ಲಿ ಜನ ಆರಿಸಿದ್ದ ಸಂಸತ್ತಿನ ಕಟ್ಟಡಕ್ಕೆ ಟ್ಯಾಂಕಿನಿಂದ ಹೊಡೆಸಿದರು. ಡಿಸೆಂಬರ್‌ನಲ್ಲಿ ಹೊಸ ಸಂವಿಧಾನ ಬಂತು, ಅಧ್ಯಕ್ಷರ ಕೈ ತುಂಬ ಅಧಿಕಾರ. ಅದೇ ತಿಂಗಳು ನಡೆದ ಸಂಸತ್ ಚುನಾವಣೆಯ ಚೀಟಿಯಲ್ಲಿ ಕೊನೆಗೆ ಒಂದು ಸಾಲಿತ್ತು: 'ಎಲ್ಲರ ವಿರುದ್ಧ'. ಹಳೆಯ ಗೀಟಿನ ನೆನಪಾಗಿ ಉಳಿದಿದ್ದು ಅದೊಂದೇ. ದೇಶಮಟ್ಟದ ಚುನಾವಣೆಗಳಿಂದ ಅದನ್ನೂ 2006ರಲ್ಲಿ ತೆಗೆದುಹಾಕಿದರು.